ಆಸ್ಪತ್ರೆಯ ಬಾಗಿಲು ಮುಚ್ಚಿದಾಗ ವಿದ್ಯಾರ್ಥಿಯ ಹೊಣೆ ಯಾರದು?

(ಚಳ್ಳಕೆರೆಯಲ್ಲಿ ವಿದ್ಯಾರ್ಥಿಗಳು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ನೆರೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯನ್ನು ನೀವೆಲ್ಲರೂ ಬಲ್ಲಿರಿ. ಅಲ್ಲಿನ ಬಂಡೆಯ ಮೇಲಿರುವ ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ಸಮೀಪದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿಯೂ ಅದೇ ಬಗೆಯ ಶಾಸನಗಳಿವೆ. ತಂದೆ ತಾಯಿಯ ಮಾತನ್ನು ಪಾಲಿಸಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು ಎಂಬ ಉಪದೇಶಗಳೊಂದಿಗೆ, ಶಿಷ್ಯನಾದವನು ಗುರುವನ್ನು ಗೌರವಿಸಬೇಕೆಂಬ ಮಾತೂ ಅಲ್ಲಿದೆ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ನಮ್ಮ ನೆಲದಲ್ಲಿ ನಿಂತಿರುವ ಮಾತಿದು. ಇದರ ಇನ್ನೊಂದು ಮಗ್ಗುಲನ್ನು ನಾವಿಂದು ಕೇಳಿಕೊಳ್ಳಬೇಕಾಗಿದೆ. ಶಿಷ್ಯನಿಗೆ ಗುರುವಿನ ಮೇಲೆ ಗೌರವವಿರಬೇಕು, ಸರಿ. ಆದರೆ ಗುರುಕುಲದ ಮಾಡೇ ಹಾರಿಹೋದಾಗ ಆ ಶಿಷ್ಯನ ಹೊಣೆಯನ್ನು ಯಾರು ಹೊರಬೇಕು?

ಈ ಪ್ರಶ್ನೆ ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ಚಳ್ಳಕೆರೆ, ಮೊಳಕಾಲ್ಮೂರು, ಚಿತ್ರದುರ್ಗ, ಬಳ್ಳಾರಿ, ದಾವಣಗೆರೆಯಂತಹ ಪಟ್ಟಣಗಳಲ್ಲಿ ಇಂದು ಮಕ್ಕಳನ್ನು ವೈದ್ಯರನ್ನಾಗಿಸುವ ಕನಸನ್ನು ಸಾಧಾರಣ ಕುಟುಂಬಗಳೂ ಕಾಣತೊಡಗಿವೆ. ಇದು ಸಂತೋಷದ ಸಂಗತಿ. ಸಣ್ಣ ಅಂಗಡಿಯ ಆದಾಯ, ಗಲ್ಫಿನಲ್ಲಿ ದುಡಿದ ಹಣ, ಮಾರಿದ ನಿವೇಶನ, ಒತ್ತೆಯಿಟ್ಟ ಒಡವೆ ಹೀಗೆ ಎಲ್ಲವೂ ಆ ಕನಸಿಗೆ ಹೋಗುತ್ತಿವೆ. ಸರಕಾರಿ ಸೀಟು ಸಿಗದಿದ್ದರೆ ಮತ್ತು ಖಾಸಗಿ ಕಾಲೇಜಿನ ಶುಲ್ಕ ಎಟುಕದಿದ್ದರೆ ಮಗನನ್ನೋ ಮಗಳನ್ನೋ ಪರದೇಶಕ್ಕೆ ಕಳುಹಿಸಲಾಗುತ್ತದೆ. ಆದರೆ ಆ ದೇಶದಲ್ಲಿ ಯುದ್ಧವೋ ರೋಗವೋ ಬಿರುಗಾಳಿಯೋ ಬಂದು ಆಸ್ಪತ್ರೆಯ ಬಾಗಿಲು ಮುಚ್ಚಿದರೆ ಮುಂದೇನು? ಕಳುಹಿಸುವ ದಿನ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಿದವರನ್ನು ಅಪಶಕುನ ನುಡಿಯುವವರೆಂದು ಬಾಯಿ ಮುಚ್ಚಿಸಲಾಗುತ್ತದೆ.

ಮೊದಲು ವೈದ್ಯ ಶಿಕ್ಷಣವೆಂದರೆ ಏನೆಂಬುದನ್ನು ಅರ್ಥ ಮಾಡಿಕೊಳ್ಳೋಣ. ನಮ್ಮ ದೇಶದಲ್ಲಿ ಎಂಬಿಬಿಎಸ್ ಎಂದರೆ ನಾಲ್ಕೂವರೆ ವರ್ಷದ ವ್ಯಾಸಂಗ ಮತ್ತು ಅದರ ನಂತರ ಒಂದು ವರ್ಷದ ಇಂಟರ್ನ್‌ಶಿಪ್. ಇದರಲ್ಲಿ ಪುಸ್ತಕದಿಂದ ಕಲಿಯುವುದು ಒಂದು ಭಾಗ ಮಾತ್ರ. ಎರಡನೆಯ ವರ್ಷದಿಂದ ವಿದ್ಯಾರ್ಥಿಯು ವಾರ್ಡುಗಳಿಗೆ ಹೋಗುತ್ತಾನೆ. ರೋಗಿಯ ಹಾಸಿಗೆಯ ಬಳಿ ನಿಂತು ಕೇಳುತ್ತಾನೆ, ಮುಟ್ಟಿ ನೋಡುತ್ತಾನೆ, ಗುರುಗಳ ಮುಂದೆ ತಪ್ಪು ಹೇಳಿ ತಿದ್ದಿಸಿಕೊಳ್ಳುತ್ತಾನೆ. ಮೊಳಕಾಲ್ಮೂರಿನ ರೇಷ್ಮೆ ಸೀರೆ ಪ್ರಸಿದ್ಧವಾದುದು. ಆ ಸೀರೆ ನೇಯುವುದನ್ನು ಪುಸ್ತಕ ಓದಿ ಯಾರಾದರೂ ಕಲಿತದ್ದುಂಟೇ? ಮಗ್ಗದ ಮುಂದೆ ಕುಳಿತು, ಎಳೆ ಕಡಿದು, ಹಿರಿಯರಿಂದ ಬೈಸಿಕೊಂಡು ಕಲಿಯಬೇಕು. ಎಳೆ ಕಡಿದರೆ ಮತ್ತೆ ಗಂಟು ಹಾಕಬಹುದು. ಆದರೆ ವೈದ್ಯನ ಕೈಯಲ್ಲಿರುವುದು ಜೀವದ ಎಳೆ. ಆದುದರಿಂದಲೇ ಅವನು ಕಲಿಯುವ ಕಾಲದಲ್ಲಿ ಬದಿಯಲ್ಲೊಬ್ಬ ಗುರು ಇರಲೇಬೇಕು.

ಇದು ಹೊಸ ತತ್ವವೇನೂ ಅಲ್ಲ. ಒಂಬತ್ತು ಮತ್ತು ಹತ್ತನೆಯ ಶತಮಾನದಲ್ಲಿ ಬಾಳಿದ ಅಬೂಬಕ್ರ್ ಅಲ್ ರಾಝಿ, ರಯ್ ಮತ್ತು ಬಗ್ದಾದ್ ನಗರಗಳ ಆಸ್ಪತ್ರೆಗಳ ಮುಖ್ಯಸ್ಥರಾಗಿದ್ದರು. ಅವರ ಬೋಧನಾ ಕ್ರಮವನ್ನು ಇಬ್ನುನ್ನದೀಮ್ ತಮ್ಮ ಗ್ರಂಥಸೂಚಿಯಲ್ಲಿ ದಾಖಲಿಸಿದ್ದಾರೆ. ರಾಝಿಯವರ ಸುತ್ತ ಶಿಷ್ಯರು, ಅವರಾಚೆ ಆ ಶಿಷ್ಯರ ಶಿಷ್ಯರು, ಅವರಾಚೆ ಮತ್ತೊಂದು ಸಾಲು ಕುಳಿತಿರುತ್ತಿತ್ತು. ಬಂದ ರೋಗಿಯು ಮೊದಲು ಹೊರಗಿನ ಸಾಲಿನವರಿಗೆ ತನ್ನ ಕಷ್ಟವನ್ನು ಹೇಳಬೇಕು. ಅವರಿಗೆ ತಿಳಿಯದಿದ್ದರೆ ಒಳಗಿನ ಸಾಲಿಗೆ, ಅವರಿಗೂ ತಿಳಿಯದಿದ್ದರೆ ಕೊನೆಗೆ ರಾಝಿಯವರ ಬಳಿಗೆ. ವಿದ್ಯಾರ್ಥಿ ರೋಗಿಯನ್ನು ನೋಡಬೇಕು, ಆದರೆ ರೋಗಿ ಕೇವಲ ವಿದ್ಯಾರ್ಥಿಯ ಪಾಲಾಗಬಾರದು ಎಂಬುದೇ ಈ ವ್ಯವಸ್ಥೆಯ ತಿರುಳು. ಇಂದಿನ ಬೋಧನಾ ಆಸ್ಪತ್ರೆ ನಿಂತಿರುವುದೂ ಇದೇ ತಳಹದಿಯ ಮೇಲೆ. ಈ ಸಾಲು ಮುರಿದರೆ ಏನಾಗುತ್ತದೆ ಎಂಬುದೇ ನಮ್ಮ ಇಂದಿನ ವಿಷಯ.

ಸಮುದ್ರದ ಕಡೆಯಿಂದ ಆರಂಭಿಸೋಣ. ನಮ್ಮ ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತವನ್ನೇ ಅಟ್ಲಾಂಟಿಕ್ ಸಾಗರದಲ್ಲಿ ಹರಿಕೇನ್ ಎನ್ನುತ್ತಾರೆ. 2005ರ ಆಗಸ್ಟ್ 29ರಂದು ಕತ್ರಿನಾ ಎಂಬ ಚಂಡಮಾರುತ ಅಮೆರಿಕದ ದಕ್ಷಿಣ ಕರಾವಳಿಗೆ ಅಪ್ಪಳಿಸಿತು. ನ್ಯೂ ಆರ್ಲಿಯನ್ಸ್ ನಗರವನ್ನು ಕಾಯುತ್ತಿದ್ದ ಒಡ್ಡುಗಳು ಒಡೆದು ನಗರದ ಸುಮಾರು ನೂರಕ್ಕೆ 80 ಭಾಗ ನೀರಿನಲ್ಲಿ ಮುಳುಗಿತು. ಆ ನಗರದಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿದ್ದವು. ಒಂದು ಟ್ಯುಲೇನ್ ವಿಶ್ವವಿದ್ಯಾಲಯದ್ದು, ಇನ್ನೊಂದು ಲೂಸಿಯಾನಾ ರಾಜ್ಯ ವಿಶ್ವವಿದ್ಯಾಲಯದ್ದು. ಎರಡೂ ಕಾಲೇಜುಗಳ ವಿದ್ಯಾರ್ಥಿಗಳು ತರಬೇತಿ ಪಡೆಯುತ್ತಿದ್ದ ಚಾರಿಟಿ ಆಸ್ಪತ್ರೆ 1736ರಲ್ಲಿ ಸ್ಥಾಪನೆಯಾದುದು. ಬಡವರ ಆಸ್ಪತ್ರೆಯೆಂದೇ ಅದು ಹೆಸರಾಗಿತ್ತು. ವಿದ್ಯುತ್ತಿಲ್ಲದೆ, ನೀರಿಲ್ಲದೆ ವೈದ್ಯರು ಮತ್ತು ದಾದಿಯರು ಅಲ್ಲಿ ದಿನಗಟ್ಟಲೆ ರೋಗಿಗಳ ಉಸಿರನ್ನು ಹಿಡಿದಿಟ್ಟರು. ಕೊನೆಗೆ ಆಸ್ಪತ್ರೆ ತೆರವಾಯಿತು. ಆಸ್ಪತ್ರೆಯಾಗಿ ಅದು ಮತ್ತೆಂದೂ ತೆರೆಯಲಿಲ್ಲ. ಅದರ ಸ್ಥಾನವನ್ನು ತುಂಬುವ ಹೊಸ ಆಸ್ಪತ್ರೆ ಆರಂಭವಾದುದು 2015ರಲ್ಲಿ, ಅಂದರೆ ಹತ್ತು ವರ್ಷಗಳ ನಂತರ.

ಹಾಗಾದರೆ ಆ ಎರಡು ಕಾಲೇಜುಗಳ ವಿದ್ಯಾರ್ಥಿಗಳು ಹತ್ತು ವರ್ಷ ಕಾದರೇ? ಇಲ್ಲ. ಟ್ಯುಲೇನ್‌ನ ವೈದ್ಯ ವಿದ್ಯಾರ್ಥಿಗಳನ್ನು ನೆರೆರಾಜ್ಯವಾದ ಟೆಕ್ಸಾಸ್‌ನ ಹ್ಯೂಸ್ಟನ್ ನಗರಕ್ಕೆ ಕರೆದೊಯ್ಯಲಾಯಿತು. ಅಲ್ಲಿನ ಬೇಲರ್ ವೈದ್ಯಕೀಯ ಕಾಲೇಜು ಮತ್ತು ಇತರ ಸಂಸ್ಥೆಗಳು ಅವರಿಗೆ ತಮ್ಮ ತರಗತಿಗಳನ್ನೂ ವಾರ್ಡುಗಳನ್ನೂ ತೆರೆದವು. ಸುಮಾರು ಒಂದು ತಿಂಗಳಲ್ಲಿ ಪಾಠ ಪುನರಾರಂಭವಾಯಿತು. ಲೂಸಿಯಾನಾ ವಿಶ್ವವಿದ್ಯಾಲಯದವರು ಬ್ಯಾಟನ್ ರೂಜ್ ನಗರಕ್ಕೆ ಸ್ಥಳಾಂತರಗೊಂಡರು. ಅಲ್ಲಿ ಬಾಡಿಗೆಗೆ ಮನೆ ಸಿಗದಾದಾಗ ಫಿನ್‌ಜೆಟ್ ಎಂಬ ಪ್ರಯಾಣಿಕರ ಹಡಗನ್ನು ನದಿಯಲ್ಲಿ ನಿಲ್ಲಿಸಿ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ವಸತಿ ಕಲ್ಪಿಸಲಾಯಿತು. ಅವರ ಕಷ್ಟ ಸಣ್ಣದಾಗಿರಲಿಲ್ಲ. ಮನೆ ಕಳೆದುಕೊಂಡವರಿದ್ದರು. ಆದರೆ ಒಂದು ಸಂಗತಿಯನ್ನು ಗಮನಿಸಿರಿ. ಹೊಸ ವಾರ್ಡನ್ನು ಹುಡುಕುವ ಕೆಲಸವನ್ನು ಯಾವ ವಿದ್ಯಾರ್ಥಿಯ ತಂದೆಯೂ ಮಾಡಬೇಕಾಗಲಿಲ್ಲ. ಆ ಕೆಲಸವನ್ನು ಕಾಲೇಜು ಮಾಡಿತು, ನೆರೆಯ ಕಾಲೇಜು ಕೈಜೋಡಿಸಿತು.

ಹನ್ನೆರಡು ವರ್ಷಗಳ ಬಳಿಕ, 2017ರ ಸೆಪ್ಟೆಂಬರ್ 18ರಂದು, ಮರಿಯಾ ಎಂಬ ಚಂಡಮಾರುತ ಕೆರಿಬಿಯನ್ ಸಮುದ್ರದ ಡೊಮಿನಿಕಾ ಎಂಬ ಪುಟ್ಟ ದ್ವೀಪವನ್ನು ಧ್ವಂಸಗೊಳಿಸಿತು. ಅಲ್ಲಿದ್ದ ರಾಸ್ ವೈದ್ಯಕೀಯ ವಿಶ್ವವಿದ್ಯಾಲಯದ ಆವರಣ ಬಳಕೆಗೆ ಬಾರದಂತಾಯಿತು. ಸೇಂಟ್ ಕಿಟ್ಸ್ ದ್ವೀಪದ ಬಂದರಿನಲ್ಲಿ ಒಂದು ಹಡಗನ್ನು ನಿಲ್ಲಿಸಿ ಅದರಲ್ಲಿಯೇ ಪಾಠ ಮುಂದುವರಿಸಲಾಯಿತು. 2018ರಲ್ಲಿ ತರಗತಿಗಳು ಅಮೆರಿಕದ ಟೆನೆಸ್ಸೀ ರಾಜ್ಯಕ್ಕೆ, 2019ರಲ್ಲಿ ಬಾರ್ಬಡೋಸ್ ದ್ವೀಪಕ್ಕೆ ಹೋದವು. ಅದೇ ತಿಂಗಳ ಇನ್ನೊಂದು ಚಂಡಮಾರುತ ಇರ್ಮಾದಿಂದಾಗಿ ಸಿಂಟ್ ಮಾರ್ಟನ್ ದ್ವೀಪದ ಮತ್ತೊಂದು ವೈದ್ಯಕೀಯ ಕಾಲೇಜು ತನ್ನ ವಿದ್ಯಾರ್ಥಿಗಳನ್ನು ಇಂಗ್ಲೆಂಡಿನ ಪ್ರೆಸ್ಟನ್ ನಗರಕ್ಕೆ ಕರೆದೊಯ್ದಿತು. ಇಲ್ಲೊಂದು ಸೂಕ್ಷ್ಮವಿದೆ. ದ್ವೀಪದಲ್ಲಿ ನಡೆಯುತ್ತಿದ್ದುದು ಮೊದಲ ವರ್ಷಗಳ ಪಾಠ. ಅದನ್ನು ಹಡಗಿನಲ್ಲಿಟ್ಟು ಸಾಗಿಸಬಹುದು. ಆದರೆ ವಾರ್ಡನ್ನು ಹಡಗಿನಲ್ಲಿ ಸಾಗಿಸಲಾಗದು. ರೋಗಿಗಳಿರುವ ಇನ್ನೊಂದು ಆಸ್ಪತ್ರೆ ಬಾಗಿಲು ತೆರೆದರೆ ಮಾತ್ರ ಮುಂದಿನ ವರ್ಷಗಳ ಕಲಿಕೆ ಸಾಧ್ಯ. ಕತ್ರಿನಾದ ಕಾಲದಲ್ಲಿ ಟೆಕ್ಸಾಸ್ ಮಾಡಿದ ಉಪಕಾರವೆಂದರೆ ಇದೇ.

ಬಂಧುಗಳೇ, ನಮ್ಮದು ಬಯಲುಸೀಮೆ. ನಮಗೆ ಮಳೆಯೇ ಅಪರೂಪ, ಹರಿಕೇನ್ ಎಲ್ಲಿಂದ ಬಂದೀತು? ಆದರೆ ನಮ್ಮ ಮಕ್ಕಳ ಮೇಲೆ ಬಿರುಗಾಳಿ ಬೀಸಲಿಲ್ಲವೇ? ಬೀಸಿದೆ. ಎರಡು ವರ್ಷಗಳ ಅಂತರದಲ್ಲಿ ಎರಡು ಬಾರಿ ಬೀಸಿದೆ.

ಮೊದಲನೆಯದು 2020ರಲ್ಲಿ. ಮಾರ್ಚ್ ತಿಂಗಳಲ್ಲಿ ಕೊರೋನಾದಿಂದಾಗಿ ಕಾಲೇಜುಗಳು ಮುಚ್ಚಿದವು. ವೈದ್ಯ ವಿದ್ಯಾರ್ಥಿಗಳು ಹಾಸ್ಟೆಲ್ ಬಿಟ್ಟು ಮನೆಗೆ ಬಂದರು. ಬೋಧನಾ ಆಸ್ಪತ್ರೆಗಳ ವಾರ್ಡುಗಳು ಕೋವಿಡ್ ವಾರ್ಡುಗಳಾದವು. ತುರ್ತಲ್ಲದ ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ಹೆರಿಗೆ, ಮೂಳೆ ಮುರಿತ, ಮಕ್ಕಳ ಜ್ವರ, ಹೊಟ್ಟೆನೋವು ಇವೇ ಸಾಮಾನ್ಯ ವೈದ್ಯನೊಬ್ಬನ ನಿತ್ಯದ ಕೆಲಸ. ಇವುಗಳನ್ನು ಕಣ್ಣಾರೆ ಕಂಡು ಕಲಿಯಬೇಕಾದ ತಿಂಗಳುಗಳನ್ನು ವಿದ್ಯಾರ್ಥಿಗಳು ಮೊಬೈಲಿನ ಪರದೆಯ ಮುಂದೆ ಕಳೆದರು. ನೆಟ್‌ವರ್ಕ್ ಸಿಗದ ಹಳ್ಳಿಗಳಲ್ಲಿ ಅದೂ ಇರಲಿಲ್ಲ. ಮರುವರ್ಷ ಎರಡನೆಯ ಅಲೆ ಬಂದಾಗ ಪರಿಸ್ಥಿತಿ ತಿರುವುಮುರುವಾಯಿತು. 2021ರ ಮೇ 3ರಂದು ಕೇಂದ್ರ ಸರಕಾರವು ಇಂಟರ್ನ್‌ಗಳನ್ನು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕೋವಿಡ್ ಕೆಲಸಕ್ಕೆ ಬಳಸಿಕೊಳ್ಳಲು ನಿರ್ಧರಿಸಿತು. ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಫೋನಿನ ಮೂಲಕ ಸಲಹೆ ನೀಡಲು ಮತ್ತು ಸೌಮ್ಯ ಲಕ್ಷಣದ ರೋಗಿಗಳ ನಿಗಾ ನೋಡಿಕೊಳ್ಳಲು ತೊಡಗಿಸಬಹುದೆಂದಿತು. ನಿನ್ನೆಯವರೆಗೆ ಆಸ್ಪತ್ರೆಗೆ ಬರಬೇಡಿ ಎನಿಸಿಕೊಂಡವರು ರಾತ್ರೋರಾತ್ರಿ ಆಸ್ಪತ್ರೆಗೆ ಅನಿವಾರ್ಯರಾದರು. ಆ ಮಕ್ಕಳು ತೋರಿದ ಧೈರ್ಯವನ್ನು ನಾವು ಮರೆಯಬಾರದು. ಆದರೆ ಒಂದೇ ರೋಗದ ನಡುವೆ ಕಳೆದ ವರ್ಷವು ಸರ್ವರೋಗಗಳ ತರಬೇತಿಗೆ ಸಮನಲ್ಲ ಎಂಬುದನ್ನೂ ಮರೆಯಬಾರದು.

ಇದೇ ಅವಧಿಯಲ್ಲಿ ಚೀನಾದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಸ್ಥಿತಿ ಇನ್ನೂ ಕಠಿಣವಾಯಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚಿದ್ದ ಅವರಲ್ಲಿ ಬಹುಪಾಲು ವೈದ್ಯ ವಿದ್ಯಾರ್ಥಿಗಳು. 2020ರ ಆರಂಭದಲ್ಲಿ ರಜೆಯೆಂದೂ ರೋಗದ ಭಯದಿಂದಲೂ ಊರಿಗೆ ಬಂದವರಿಗೆ ಮರಳಿ ಹೋಗಲು ವೀಸಾ ದೊರೆಯಲಿಲ್ಲ. ವಿದ್ಯಾರ್ಥಿ ವೀಸಾ ಮತ್ತೆ ಆರಂಭವಾದುದು 2022ರ ಆಗಸ್ಟ್ ತಿಂಗಳಲ್ಲಿ. ಎರಡೂವರೆ ವರ್ಷ ಅವರು ನಮ್ಮ ಊರುಗಳ ಮನೆಗಳಲ್ಲಿ ಕುಳಿತು, ಸಾವಿರಾರು ಮೈಲು ದೂರದ ಅಧ್ಯಾಪಕರಿಂದ ಶಸ್ತ್ರಚಿಕಿತ್ಸೆಯ ಪಾಠವನ್ನು ಫೋನಿನಲ್ಲಿ ಕೇಳಿದರು. ಶುಲ್ಕವನ್ನೂ ಕಟ್ಟಿದರು. ಆದರೆ ಕೇವಲ ಆನ್‌ಲೈನ್ ಮೂಲಕ ಮಾಡಿದ ವೈದ್ಯ ವ್ಯಾಸಂಗಕ್ಕೆ ಮಾನ್ಯತೆಯಿಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಫೆಬ್ರವರಿಯಲ್ಲಿ ಎಚ್ಚರಿಸಿತು.

ಆ ಎಚ್ಚರಿಕೆ ಬಂದ ಎರಡೇ ವಾರಗಳಲ್ಲಿ ಎರಡನೆಯ ಬಿರುಗಾಳಿ ಎದ್ದಿತು. 2022ರ ಫೆಬ್ರವರಿ 24ರಂದು ಉಕ್ರೇನಿನ ಮೇಲೆ ರಷ್ಯಾ ದಾಳಿ ಮಾಡಿತು. ಅಲ್ಲಿ ಸುಮಾರು 18 ಸಾವಿರ ಭಾರತೀಯ ವಿದ್ಯಾರ್ಥಿಗಳಿದ್ದರು. ನೆಲಮಾಳಿಗೆಗಳಲ್ಲಿ ಅಡಗಿ, ರೈಲು ಹಿಡಿದು, ಕೊರೆಯುವ ಚಳಿಯಲ್ಲಿ ಮೈಲುಗಟ್ಟಲೆ ನಡೆದು ಅವರು ಪೋಲೆಂಡ್, ಹಂಗೆರಿ, ರುಮೇನಿಯಾ, ಸ್ಲೊವಾಕಿಯಾ ಗಡಿಗಳನ್ನು ತಲುಪಿದರು. ಆಪರೇಷನ್ ಗಂಗಾ ಎಂಬ ಕಾರ್ಯಾಚರಣೆಯ ವಿಮಾನಗಳು ಅವರನ್ನು ಮನೆಗೆ ತಂದವು. ಆದರೆ ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಗ್ಯಾನಗೌಡರ ಜೀವಂತವಾಗಿ ಮರಳಲಿಲ್ಲ. ಖಾರ್ಕಿವ್ ರಾಷ್ಟ್ರೀಯ ವೈದ್ಯಕೀಯ ವಿಶ್ವವಿದ್ಯಾಲಯದ ನಾಲ್ಕನೆಯ ವರ್ಷದ ವಿದ್ಯಾರ್ಥಿಯಾಗಿದ್ದ ಆತ ಮಾರ್ಚ್ 1ರಂದು ಆಹಾರ ಸಾಮಗ್ರಿ ತರಲು ಹೊರಗೆ ಹೋದಾಗ ಶೆಲ್ ದಾಳಿಗೆ ಬಲಿಯಾದ. ಮಾರ್ಚ್ 21ರಂದು ಆತನ ದೇಹ ಊರಿಗೆ ಬಂದಿತು. ಆ ಹೆತ್ತವರು ಅದನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಮಗ ಡಾಕ್ಟರಾಗಲಿಲ್ಲ, ಅವನ ದೇಹದಿಂದಲಾದರೂ ಬೇರೆ ಮಕ್ಕಳು ಕಲಿಯಲಿ ಎಂಬ ಆ ದೊಡ್ಡ ಮನಸ್ಸಿನ ಮುಂದೆ ನಮ್ಮ ಭಾಷಣಗಳೆಲ್ಲ ಸಣ್ಣವು. ನಮ್ಮ ಜಿಲ್ಲೆಗೆ ತಾಗಿಕೊಂಡಿರುವ ದಾವಣಗೆರೆಯಲ್ಲಿ ನಡೆದ ಸಂಗತಿ ಇದು.

ಬದುಕಿ ಬಂದವರ ಕಥೆಯೇನಾಯಿತು? ವಿಮಾನ ನಿಲ್ದಾಣದಲ್ಲಿ ಹೂಗುಚ್ಛ ಕೊಡಲಾಯಿತು, ಫೋಟೋ ತೆಗೆಯಲಾಯಿತು. ಅನಂತರ ಪ್ರತಿಯೊಬ್ಬನೂ ಒಂಟಿಯಾದ. ಪರದೇಶದಲ್ಲಿ ಓದಿದವರಿಗಾಗಿ 2021ರ ನವೆಂಬರ್‌ನಲ್ಲಿ ಜಾರಿಗೆ ಬಂದ ನಿಯಮದಂತೆ ಕನಿಷ್ಠ 54 ತಿಂಗಳ ವ್ಯಾಸಂಗ, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಭಾರತಕ್ಕೆ ಬಂದ ಮೇಲೆ ಮತ್ತೆ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಇಡೀ ಕೋರ್ಸು ಒಂದೇ ಸಂಸ್ಥೆಯಲ್ಲಿ ಮುಗಿಯಬೇಕು. ಶಾಂತಿಕಾಲಕ್ಕೆ ಇದು ಸರಿಯಾದ ನಿಯಮವೇ ಆಗಿದೆ. ಆದರೆ ಸಂಸ್ಥೆಯ ಮೇಲೆಯೇ ಬಾಂಬು ಬೀಳುತ್ತಿರುವಾಗ ಒಂದೇ ಸಂಸ್ಥೆಯಲ್ಲಿ ಮುಗಿಸುವುದು ಹೇಗೆ?

ಮುಂದಿನ ಹೆಜ್ಜೆಗಳು ತುಣುಕು ತುಣುಕಾಗಿ ಬಂದವು. ಇಂಟರ್ನ್‌ಶಿಪ್ ಅರ್ಧಕ್ಕೆ ನಿಂತವರು ಅರ್ಹತಾ ಪರೀಕ್ಷೆ ಪಾಸಾಗಿ ಉಳಿದುದನ್ನು ಇಲ್ಲಿ ಮುಗಿಸಬಹುದೆಂದು 2022ರ ಮಾರ್ಚ್ 4ರಂದು ಆಯೋಗ ಹೇಳಿತು. ಉಳಿದವರಿಗೂ ಒಂದು ಯೋಜನೆ ರೂಪಿಸಿರೆಂದು ಏಪ್ರಿಲ್ 29ರಂದು ಸುಪ್ರೀಮ್ ಕೋರ್ಟ್ ಸೂಚಿಸಿತು. ಜೂನ್ 30ರೊಳಗೆ ಕೋರ್ಸು ಪೂರ್ತಿಗೊಳಿಸಿದ ಪ್ರಮಾಣಪತ್ರವಿದ್ದ ಅಂತಿಮ ವರ್ಷದವರು ಪರೀಕ್ಷೆ ಬರೆದು, ಒಂದರ ಬದಲು ಎರಡು ವರ್ಷ ಇಂಟರ್ನ್‌ಶಿಪ್ ಮಾಡಬೇಕೆಂದು ಜುಲೈ ಕೊನೆಯಲ್ಲಿ ಆದೇಶ ಬಂದಿತು. ಕೆಳಗಿನ ತರಗತಿಯವರನ್ನು ಭಾರತದ ಕಾಲೇಜುಗಳಿಗೆ ಸೇರಿಸಲು ಕಾನೂನಿನಲ್ಲಿ ಅವಕಾಶವಿಲ್ಲವೆಂದು ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರ ಕೋರ್ಟಿಗೆ ತಿಳಿಸಿತು. ಅವರು ಬೇರೆ ದೇಶಗಳ ವಿಶ್ವವಿದ್ಯಾಲಯಗಳಿಗೆ ಹೋಗಿ ಮುಂದುವರಿಸಬಹುದೆಂದು ಒಪ್ಪಿಗೆ ದೊರೆಯಿತು. ಅಂತಿಮ ಘಟ್ಟದಲ್ಲಿ ಸಿಕ್ಕಿಬಿದ್ದವರಿಗೆ ಇಲ್ಲಿನ ಎಂಬಿಬಿಎಸ್ ಅಂತಿಮ ಪರೀಕ್ಷೆ ಬರೆಯುವ ಒಂದು ವಿಶೇಷ ಅವಕಾಶ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಕೆಲವರು ಜಾರ್ಜಿಯಾ, ಸರ್ಬಿಯಾ, ಉಜ್ಬೇಕಿಸ್ತಾನ, ರಷ್ಯಾಗಳಿಗೆ ಹೋಗಿದ್ದರು. ಯುದ್ಧ ನಡೆಯುತ್ತಿದ್ದ ಉಕ್ರೇನಿಗೇ ಮರಳಿದವರೂ ಇದ್ದರು.

ಈಗ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿರಿ. ಅಲ್ಲಿ ಒಂದು ತಿಂಗಳಲ್ಲಿ ಇನ್ನೊಂದು ವಾರ್ಡು ತೆರೆಯಿತು. ಇಲ್ಲಿ ಒಂದು ವರ್ಷ ಕಳೆದರೂ ವಿದ್ಯಾರ್ಥಿ ನ್ಯಾಯಾಲಯದ ಬಾಗಿಲಲ್ಲಿದ್ದ. ಆದರೂ ನಾವು ನ್ಯಾಯವಾಗಿ ಮಾತಾಡಬೇಕು. ಎರಡೂ ಒಂದೇ ಅಲ್ಲ. ಅಲ್ಲಿ ಸಾವಿರದಷ್ಟು ವಿದ್ಯಾರ್ಥಿಗಳು, ಒಂದೇ ದೇಶ, ಒಂದೇ ಪಠ್ಯಕ್ರಮ. ಇಲ್ಲಿ ಹದಿನೆಂಟು ಸಾವಿರ ವಿದ್ಯಾರ್ಥಿಗಳು, ಪರದೇಶದ ಸಂಸ್ಥೆಗಳು, ಬೇರೆ ಪಠ್ಯಕ್ರಮ. ನಮ್ಮ ಕಾಲೇಜುಗಳಲ್ಲಿ ಒಂದೊಂದು ಸೀಟಿಗೂ ನೀಟ್ ಪರೀಕ್ಷೆಯಲ್ಲಿ ಹೋರಾಡಿದ ಮಕ್ಕಳಿದ್ದಾರೆ. ಅವರನ್ನು ದಾಟಿ ಎಲ್ಲರನ್ನೂ ಒಳಗೆ ಸೇರಿಸಿರಿ ಎನ್ನುವುದು ಸುಲಭದ ಮಾತಲ್ಲ.

ಇನ್ನೂ ಒಂದು ಕಹಿ ಮಾತನ್ನು ಹೇಳಬೇಕಾಗಿದೆ. ಆನ್‌ಲೈನಿನಲ್ಲಿ ಕಳೆದ ವರ್ಷಗಳನ್ನು ಹಾಗೆಯೇ ಒಪ್ಪಿಕೊಂಡು ನಮ್ಮ ಮಕ್ಕಳಿಗೆ ಪರವಾನಗಿ ಕೊಡಿರಿ ಎಂಬ ಬೇಡಿಕೆ ಹಲವು ಹೆತ್ತವರಿಂದ ಬಂದಿತ್ತು. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಈ ಬೇಡಿಕೆಯನ್ನು ನಾವು ಬೆಂಬಲಿಸಲಾರೆವು. ನಾಳೆ ಆ ವೈದ್ಯನ ಮುಂದೆ ಬರುವವರು ಯಾರು? ತಾಲೂಕು ಆಸ್ಪತ್ರೆಗೆ ರಾತ್ರಿ ಹೆರಿಗೆ ನೋವಿನಿಂದ ಬರುವ ನಮ್ಮದೇ ಹೆಣ್ಣುಮಗಳು. ಅವಳಿಗೆ ವೈದ್ಯನ ಪ್ರಮಾಣಪತ್ರ ಯಾವ ಸಂಕಷ್ಟದಲ್ಲಿ ಸಿಕ್ಕಿತೆಂಬುದು ತಿಳಿದಿರುವುದಿಲ್ಲ. ಆ ಕೈಗೆ ಕೆಲಸ ಗೊತ್ತಿದೆ ಎಂಬ ನಂಬಿಕೆಯೊಂದೇ ಅವಳ ಬಳಿ ಇರುವುದು. ರೋಗಿಯ ದೇಹ ವೈದ್ಯನ ಕೈಯಲ್ಲಿರುವ ಅಮಾನತ್ತು. ಅಮಾನತ್ತಿನಲ್ಲಿ ರಿಯಾಯಿತಿ ಇಲ್ಲ.

ಹಾಗಾದರೆ ನಮ್ಮ ನಿಲುವೇನು? ವಿದ್ಯಾರ್ಥಿಗೆ ತರಬೇತಿಯಲ್ಲಿ ರಿಯಾಯಿತಿ ಬೇಡ, ತರಬೇತಿ ಪಡೆಯುವ ಸ್ಥಳ ಬೇಕು. ಕಲಿಯದೆ ಉಳಿದುದನ್ನು ಮನ್ನಾ ಮಾಡಬೇಡಿ, ಕಲಿಯಲು ವಾರ್ಡು ಕೊಡಿರಿ. ಎರಡು ವರ್ಷ ಇಂಟರ್ನ್‌ಶಿಪ್ ಮಾಡೆಂದರೆ ಮಾಡಲಿ, ಆದರೆ ಅದಕ್ಕೆ ಆಸ್ಪತ್ರೆ ಗೊತ್ತುಪಡಿಸಿರಿ, ದಿನಾಂಕ ಹೇಳಿರಿ. ಪರದೇಶದಲ್ಲಿ ಓದಿದವರ ಇಂಟರ್ನ್‌ಶಿಪ್‌ಗಾಗಿ ಪ್ರತಿ ಕಾಲೇಜಿನ ಸೀಟುಗಳ ಶೇ. 7.5ರಷ್ಟು ಹೆಚ್ಚುವರಿ ಸ್ಥಾನಗಳೆಂಬ ಮಿತಿಯನ್ನು 2022ರಲ್ಲಿ ಇಡಲಾಯಿತು. ಶುಲ್ಕ ಕೇಳಬಾರದು, ಇತರ ಇಂಟರ್ನ್‌ಗಳಿಗೆ ಕೊಡುವಷ್ಟೇ ಸ್ಟೈಪೆಂಡ್ ಕೊಡಬೇಕೆಂದೂ ಹೇಳಲಾಯಿತು. ಆದರೂ ಸ್ಟೈಪೆಂಡ್ ಸಿಗದ ದೂರು ಸುಪ್ರೀಮ್ ಕೋರ್ಟಿನ ತನಕ ಹೋಯಿತು. ಕಾಗದದಲ್ಲಿರುವ ನಿಯಮ ವಾರ್ಡಿನೊಳಗೆ ಬರಬೇಕಾದರೆ ಯಾರಾದರೂ ಹಿಂದೆ ಬೀಳಬೇಕು. ನಮ್ಮ ಜನಪ್ರತಿನಿಧಿಗಳಿಗೆ ಇದಕ್ಕಿಂತ ಯೋಗ್ಯವಾದ ಕೆಲಸ ಬೇರೆ ಯಾವುದಿದೆ? ಮುಂದಿನ ಬಿರುಗಾಳಿ ಎಲ್ಲಿಂದ ಬರುವುದೋ ತಿಳಿಯದು. ಆದರೆ ಬಂದಾಗ ವಿದ್ಯಾರ್ಥಿಯನ್ನು ಯಾವ ಆಸ್ಪತ್ರೆಗೆ, ಎಷ್ಟು ದಿನದೊಳಗೆ, ಯಾವ ಪರೀಕ್ಷೆಯ ಬಳಿಕ ಸೇರಿಸಬೇಕೆಂಬ ನಿಯಮವನ್ನು ಇಂದೇ ಬರೆದಿಡಬಹುದು. ಚಿತ್ರದುರ್ಗದಲ್ಲಿ 2023ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿದೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಇದೊಂದು ದೊಡ್ಡ ಅವಕಾಶ. ಇಂತಹ ಆಸ್ಪತ್ರೆಗಳು ಬೆಳೆದಷ್ಟೂ ಸಂಕಟಕಾಲದಲ್ಲಿ ತೆರೆಯಬಲ್ಲ ಬಾಗಿಲುಗಳು ಹೆಚ್ಚುತ್ತವೆ.

ಇನ್ನು ಹೆತ್ತವರಿಗೆ ಕೆಲವು ಮಾತು. ಏಜೆಂಟನ ಬಣ್ಣದ ಪುಸ್ತಿಕೆಯಲ್ಲಿ ಹಿಮ ಬಿದ್ದ ಕಟ್ಟಡದ ಚಿತ್ರವಿರುತ್ತದೆ. ನೀವು ಕೇಳಬೇಕಾದುದು ಕಟ್ಟಡದ ಬಗ್ಗೆಯಲ್ಲ, ಹಾಸಿಗೆಯ ಬಗ್ಗೆ. ಆ ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ? ರೋಗಿಗಳು ಯಾವ ಭಾಷೆ ಆಡುತ್ತಾರೆ, ಅದನ್ನು ಮಗುವಿಗೆ ಕಲಿಸುತ್ತಾರೆಯೇ? ರೋಗಿಯ ಮಾತೇ ತಿಳಿಯದವನು ಹಾಸಿಗೆಯ ಬಳಿ ನಿಂತು ಏನನ್ನು ಕಲಿತಾನು? 54 ತಿಂಗಳ ವ್ಯಾಸಂಗವೂ ಅಲ್ಲಿಯೇ 12 ತಿಂಗಳ ಇಂಟರ್ನ್‌ಶಿಪ್ಪೂ ಇದೆಯೇ? ಆ ಪದವಿಯಿಂದ ಆ ದೇಶದಲ್ಲಿಯೇ ವೈದ್ಯವೃತ್ತಿ ಮಾಡಲು ಪರವಾನಗಿ ಸಿಗುತ್ತದೆಯೇ? ಈ ಪ್ರಶ್ನೆಗಳಿಗೆ ಬಾಯಿಮಾತಿನ ಉತ್ತರ ಸಾಲದು, ಬರಹದಲ್ಲಿ ಪಡೆಯಿರಿ. ಆರು ವರ್ಷಗಳ ಹಣವನ್ನು ಒಂದೇ ಗಂಟಿನಲ್ಲಿ ಏಜೆಂಟನ ಕೈಗಿಡಬೇಡಿರಿ. ವರ್ಷ ವರ್ಷ ಸಂಸ್ಥೆಗೇ ಕಟ್ಟಿ ರಶೀದಿ ಪಡೆಯಿರಿ. ಮರಳಿ ಬಂದ ಮೇಲೆ ಬರೆಯಬೇಕಾದ ಅರ್ಹತಾ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ ಬೇಕು. ಇತ್ತೀಚಿನ ವರ್ಷಗಳಲ್ಲಿ ಅದನ್ನು ಬರೆದವರಲ್ಲಿ ಮೂರರಲ್ಲಿ ಒಂದು ಭಾಗದಷ್ಟು ಮಂದಿಯೂ ಒಂದು ಸಲಕ್ಕೆ ಪಾಸಾಗುತ್ತಿಲ್ಲ. ಕಳುಹಿಸುವ ಮೊದಲೇ ಇದನ್ನು ತಿಳಿದಿರಬೇಕು.

ಮರಳಿ ಬಂದ ಮಗುವಿನೊಡನೆ ಹೇಗೆ ನಡೆದುಕೊಳ್ಳುತ್ತೇವೆ ಎಂಬುದೂ ಮುಖ್ಯ. ಸಾವನ್ನು ಕಣ್ಣೆದುರು ಕಂಡು ಬಂದ ಹುಡುಗನಿಗೆ ನೆಂಟರು ಕೇಳುವ ಮೊದಲ ಪ್ರಶ್ನೆ "ಡಾಕ್ಟರ್ ಯಾವಾಗ ಆಗ್ತೀಯಪ್ಪ?" ಎಂದಾಗಿರುತ್ತದೆ. ಸಾಲದ ಲೆಕ್ಕವನ್ನು ಊಟದ ಹೊತ್ತಿಗೆ ಎತ್ತಲಾಗುತ್ತದೆ. ಹುಡುಗಿಯಾದರೆ ಇನ್ನು ಓದಿದ್ದು ಸಾಕೆಂದು ಮದುವೆಯ ಮಾತು ಆರಂಭವಾಗುತ್ತದೆ. ಇದು ಅನ್ಯಾಯ. ನಿಂತುಹೋದ ತರಬೇತಿ ಅವಳ ಸೋಲಲ್ಲ. ಅರ್ಧ ದಾರಿ ನಡೆದವಳನ್ನು ಗುರಿಯ ತನಕ ತಲುಪಿಸುವುದು ನಮ್ಮ ಕರ್ತವ್ಯ. ನಿದ್ದೆಯಿಲ್ಲದೆ, ಮಾತಿಲ್ಲದೆ, ಕೋಣೆಯ ಬಾಗಿಲು ಹಾಕಿಕೊಂಡು ಕೂರುವ ಮಗುವನ್ನು ಬೈಯಬೇಡಿರಿ. ಮನೋವೈದ್ಯರ ಬಳಿ ಕರೆದೊಯ್ಯಿರಿ. ಅದರಲ್ಲಿ ನಾಚಿಕೆಪಡುವಂತಹದ್ದೇನೂ ಇಲ್ಲ.

ವಿದ್ಯಾರ್ಥಿಗಳೇ, ನಿಮಗೂ ಒಂದೆರಡು ಮಾತು ಹೇಳಬೇಕು. ಕಂಡ ರೋಗಿಗಳ, ಮಾಡಿದ ಕೆಲಸಗಳ ಲಾಗ್‌ಬುಕ್ಕನ್ನು ದಿನದಿನವೂ ಬರೆದು ಸಹಿ ಮಾಡಿಸಿಕೊಳ್ಳಿರಿ. ಅದರ ಮತ್ತು ಅಂಕಪಟ್ಟಿಗಳ ಪ್ರತಿಯನ್ನು ಮನೆಯಲ್ಲಿಯೂ ಇಡಿಸಿರಿ. ಬಾಂಬು ಬಿದ್ದ ಊರಿನಿಂದ ದಾಖಲೆ ತರಿಸುವುದು ಎಷ್ಟು ಕಷ್ಟವೆಂದು ಹಿಂದಿನವರು ಅನುಭವಿಸಿದ್ದಾರೆ. ತರಬೇತಿ ನಿಂತರೆ ಹತ್ತಿರದ ಆಸ್ಪತ್ರೆಯ ವೈದ್ಯರಲ್ಲಿ ಅನುಮತಿ ಕೇಳಿ, ಬರಿಯ ನೋಡುಗರಾಗಿಯಾದರೂ ಅವರ ಬಳಿ ನಿಲ್ಲಿರಿ. ಅದು ಕಾಗದದಲ್ಲಿ ಲೆಕ್ಕಕ್ಕೆ ಬಾರದಿರಬಹುದು, ಆದರೆ ಕಣ್ಣು ಮತ್ತು ಕಿವಿ ಮೊಂಡಾಗುವುದಿಲ್ಲ. ಅನುಮತಿಯಿಲ್ಲದೆ ಸೂಜಿ ಹಿಡಿಯಬೇಡಿರಿ, ನೋಂದಣಿಯಿಲ್ಲದೆ ಬೋರ್ಡು ಹಾಕಬೇಡಿರಿ. ಹಣದ ಮುಗ್ಗಟ್ಟು ಎಷ್ಟೇ ಇರಲಿ, ಆ ದಾರಿ ನಿಮ್ಮದಲ್ಲ. ಒಬ್ಬೊಬ್ಬರೇ ಓದುವ ಬದಲು ನಾಲ್ವರು ಸೇರಿ ಓದಿರಿ. ಒಬ್ಬ ರೋಗಿಯಾಗಿ ಕಷ್ಟ ಹೇಳಲಿ, ಇನ್ನೊಬ್ಬ ಪ್ರಶ್ನೆ ಕೇಳಲಿ, ಮೂರನೆಯವನು ತಿದ್ದಲಿ. ರಾಝಿಯವರ ಸಾಲನ್ನು ನಿಮ್ಮ ಮನೆಯ ಜಗಲಿಯಲ್ಲಿಯೂ ಕಟ್ಟಬಹುದು.

ಕೊನೆಯದಾಗಿ ಸಮುದಾಯದ ಸಂಘ ಸಂಸ್ಥೆಗಳಿಗೆ ಒಂದು ಮನವಿ. ಪ್ರತಿಭಾ ಪುರಸ್ಕಾರದ ಸಭೆಗಳನ್ನು ನಾವು ವರ್ಷವರ್ಷವೂ ಮಾಡುತ್ತೇವೆ. ಸೀಟು ಸಿಕ್ಕಿದ ದಿನ ಶಾಲು ಹೊದಿಸುತ್ತೇವೆ. ಆದರೆ ಆ ಮಗು ನಾಲ್ಕನೆಯ ವರ್ಷದಲ್ಲಿ ನಡುಬೀದಿಯಲ್ಲಿ ನಿಂತಾಗ ನಾವು ಎಲ್ಲಿರುತ್ತೇವೆ? ಶಾಲಿನ ಖರ್ಚಿನ ಒಂದು ಪಾಲನ್ನು ಪರೀಕ್ಷೆಗೆ ಸಿದ್ಧರಾಗುವವರ ಪುಸ್ತಕಕ್ಕೆ, ವಸತಿಗೆ, ಇಂಟರ್ನ್‌ಶಿಪ್ ಸ್ಥಾನಕ್ಕಾಗಿ ಬೆಂಗಳೂರಿಗೆ ಅಲೆಯುವ ಬಸ್ ಚಾರ್ಜಿಗೆ ಮೀಸಲಿಡೋಣ. ಪ್ರತಿ ಪಟ್ಟಣದಲ್ಲಿ ಹೊರಗೆ ಓದುತ್ತಿರುವ ಮಕ್ಕಳ ಪಟ್ಟಿಯೊಂದಿರಲಿ. ಯಾರು ಎಲ್ಲಿದ್ದಾರೆ, ಯಾವ ವರ್ಷದಲ್ಲಿದ್ದಾರೆ ಎಂಬುದು ಕನಿಷ್ಠ ಇಬ್ಬರಿಗೆ ತಿಳಿದಿರಲಿ. ಇದರಲ್ಲಿ ಜಾತಿ ಮತದ ಭೇದ ಬೇಡ. ಚಳಗೇರಿಯ ಆ ಮನೆಯ ದುಃಖಕ್ಕೂ ನಮ್ಮ ಮನೆಗಳ ಆತಂಕಕ್ಕೂ ವ್ಯತ್ಯಾಸವೇನಿದೆ?

ಬಿರುಗಾಳಿಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಅದು ಬೀಸಿದ ಮರುದಿನ ಒಬ್ಬ ವಿದ್ಯಾರ್ಥಿಗೆ ಬಾಗಿಲು ತೆರೆಯುವುದು ನಮ್ಮ ಕೈಯಲ್ಲಿದೆ. ಆ ಬಾಗಿಲನ್ನು ತೆರೆದರೆ ನಾಳೆ ನಮ್ಮ ತಾಲೂಕು ಆಸ್ಪತ್ರೆಗೆ ಪೂರ್ಣ ಕಲಿತ ವೈದ್ಯನೊಬ್ಬ ಬರುತ್ತಾನೆ. ತೆರೆಯದಿದ್ದರೆ ಒಂದೋ ಅರ್ಧ ಕಲಿತವನು ಬರುತ್ತಾನೆ, ಇಲ್ಲವೇ ಯಾರೂ ಬರುವುದಿಲ್ಲ. ಇವೆರಡರ ಬೆಲೆಯನ್ನೂ ತೆರುವವನು ರೋಗಿಯೇ. ಈ ಮಾತನ್ನು ನೀವೆಲ್ಲರೂ ಮನೆಗೆ ಕೊಂಡೊಯ್ದು ಚರ್ಚಿಸಬೇಕೆಂದು ವಿನಂತಿಸುತ್ತಾ ನಮ್ಮ ಮಾತುಗಳನ್ನು ಮುಗಿಸುತ್ತೇವೆ.